ಕಲ್ಲುಗುಡ್ಡವನ್ನು ‘ಖರಾಬು’ ಎಂದವರು ಯಾರು?

ಕಳೆದ ಡಿಸೆಂಬರಿನಲ್ಲಿ ದರೋಜಿಗೆ ಹೋಗಿಬಂದೆ. ಬಳ್ಳಾರಿ ಜಿಲ್ಲೆಯ ಸಂಡೂರು ತಾಲ್ಲೂಕಿನ ದರೋಜಿಯ ಕರಡಿಧಾಮ ಹಂಪಿಯಿಂದ ಸುಮಾರು 15 ಕಿಲೋಮೀಟರ್ ದೂರದಲ್ಲಿದೆ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಂಪಿಯನ್ನು ಎರಡು ಮೂರು ಸಲ ನೋಡಿದವರು ಬಹಳ ಮಂದಿ. ದರೋಜಿಯ ಕಡೆಗೆ ತಿರುಗಿದವರು ವಿರಳ. ತಿರುಗಿದವರಲ್ಲಿಯೂ ಒಬ್ಬಿಬ್ಬರು, “ಸಾರ್, ಅಲ್ಲೇನಿದೆ, ಬರೀ ಕಲ್ಲು!” ಎಂದು ಹೇಳಿದ್ದುಂಟು. ಆ ‘ಬರೀ ಕಲ್ಲು’ ಎಂಬ ಎರಡು ಮಾತುಗಳ ಮೇಲೆ ನನಗೊಂದು ತಕರಾರಿದೆ. ಅದನ್ನೇ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ. ಬರಹದ ಕೊನೆಯಲ್ಲಿ ನಮ್ಮ ಮನೆತನದವರಿಗೆ ಹೇಳಬೇಕಾದ ಮಾತೊಂದಿದೆ. ಅವರು ದಯವಿಟ್ಟು ನಡುವೆ ಎದ್ದುಹೋಗದೆ ಅಲ್ಲಿಯವರೆಗೂ ಓದಬೇಕು!

ಈ ಪ್ರವಾಸಕ್ಕೆ ಕಾರಣನಾದವನು ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮಣ್ಣನ ಮಗ. ಎರಡು ವರ್ಷದ ಹಿಂದೆ ಅವನು ಹೆಂಡತಿ ಮಗಳೊಂದಿಗೆ ಜೋಶುವಾ ಟ್ರೀ ಎಂಬ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿದ್ದ. ಅಲ್ಲಿಂದ ನನಗೊಂದಿಷ್ಟು ಚಿತ್ರಗಳನ್ನು ಕಳುಹಿಸಿ, “ಚಿಕ್ಕಪ್ಪ, ನೋಡಿ, ಥೇಟ್ ನಮ್ಮ ಹಂಪಿ!” ಎಂದು ಬರೆದಿದ್ದ. ನೋಡಿದರೆ ನಿಜವೇ. ಒಂದರ ಮೇಲೊಂದು ಪೇರಿಸಿಟ್ಟಂತಹ ಗುಂಡುಗಲ್ಲುಗಳು, ಈಗಲೋ ಆಗಲೋ ಉರುಳುವಂತೆ ತೋರುವ ಬಂಡೆಗಳು, ನಡುನಡುವೆ ಮುಳ್ಳುಗಿಡ. ವ್ಯತ್ಯಾಸವೆಂದರೆ ಅದು ನಿಜವಾದ ಮರುಭೂಮಿ. ನಮ್ಮ ಬಳ್ಳಾರಿಯ ಸೀಮೆ ಎಷ್ಟೇ ಒಣಗಿದ್ದರೂ ಮರುಭೂಮಿಯಲ್ಲ. ಬೆಂಗಳೂರಿಗೆ ಬೀಳುವುದಕ್ಕಿಂತ ಬಹಳ ಕಡಿಮೆ ಮಳೆ ಬೀಳುವ, ಕುರುಚಲು ಕಾಡಿನ ಬಯಲುನಾಡು ಅದು. ಆದರೂ ಕರ್ನಾಟಕದೊಳಗೆ ಮರುಭೂಮಿಯ ಉದ್ಯಾನವನ್ನು ಹೋಲುವ ಒಂದು ಜಾಗವನ್ನು ತೋರಿಸೆಂದರೆ ನಾನು ದರೋಜಿಯನ್ನೇ ತೋರಿಸುತ್ತೇನೆ.

ಎರಡರ ಇತಿಹಾಸವನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ಒಂದು ಸಂಗತಿ ನನ್ನನ್ನು ಬೆರಗುಗೊಳಿಸಿತು. ಜೋಶುವಾ ಟ್ರೀ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದದ್ದು 1994ರ ಅಕ್ಟೋಬರ್ 31ರಂದು. ಬಿಳಿಕಲ್ಲು ಮೀಸಲು ಅರಣ್ಯದ 5,587.30 ಹೆಕ್ಟೇರ್ ಪ್ರದೇಶವನ್ನು ಕರ್ನಾಟಕ ಸರ್ಕಾರ ದರೋಜಿ ಕರಡಿಧಾಮವೆಂದು ಘೋಷಿಸಿದ್ದು ಅದೇ ವರ್ಷ, ಅದೇ ತಿಂಗಳು, 17ನೆಯ ತಾರೀಖು. ಭೂಗೋಳದ ಎರಡು ಬದಿಗಳಲ್ಲಿ, ಒಬ್ಬರಿಗೊಬ್ಬರು ಹೇಳಿಕೊಳ್ಳದೆಯೇ, ಎರಡು ಸರ್ಕಾರಗಳಿಗೆ ಒಂದೇ ತಿಂಗಳಲ್ಲಿ ‘ಕಲ್ಲಿನ ನಾಡೂ ಕಾಪಾಡತಕ್ಕದ್ದು’ ಎಂದು ತೋಚಿತಲ್ಲವೆ! 2009ರಲ್ಲಿ ಬುಕ್ಕಸಾಗರದ ಅರಣ್ಯವೂ ಸೇರಿ ನಮ್ಮ ಕರಡಿಧಾಮ 82 ಚದರ ಕಿಲೋಮೀಟರ್‌ಗಳಷ್ಟು ವಿಸ್ತಾರವಾಯಿತು. ಅವರ ಉದ್ಯಾನ ಸುಮಾರು 3,200 ಚದರ ಕಿಲೋಮೀಟರ್. ನಮ್ಮದು ಅದರ ನಲವತ್ತರಲ್ಲೊಂದು ಪಾಲು.

ಅಮೆರಿಕದವರಿಗೂ ಈ ಬುದ್ಧಿ ಒಂದೇ ದಿನದಲ್ಲಿ ಬಂದದ್ದಲ್ಲ. 1920ರ ದಶಕದಲ್ಲಿ ಅಲ್ಲಿಯ ಜನ ಮರುಭೂಮಿಯ ಗಿಡಗಳನ್ನು ಬೇರುಸಹಿತ ಕಿತ್ತು ತಮ್ಮ ಮನೆಯ ಕೈತೋಟಗಳಿಗೆ ಸಾಗಿಸುತ್ತಿದ್ದರು. ಮಿನರ್ವಾ ಹೋಯ್ಟ್ ಎಂಬ ಹೆಣ್ಣುಮಗಳು ಇದನ್ನು ಕಂಡು ನೊಂದು, ಊರೂರುಗಳಲ್ಲಿ ಮರುಭೂಮಿಯ ಸಸ್ಯಗಳ ಪ್ರದರ್ಶನವೇರ್ಪಡಿಸಿ, ವರ್ಷಾನುಗಟ್ಟಲೆ ಸರ್ಕಾರದ ಬೆನ್ನು ಬಿದ್ದರು. ಅದರ ಫಲವಾಗಿ 1936ರಲ್ಲಿ ಅಧ್ಯಕ್ಷ ರೂಸ್‌ವೆಲ್ಟರು ಆ ಪ್ರದೇಶವನ್ನು ರಾಷ್ಟ್ರೀಯ ಸ್ಮಾರಕವೆಂದು ಸಾರಿದರು. ಅಲ್ಲಿಗೆ ಕಥೆ ಮುಗಿಯಲಿಲ್ಲ. 1950ರಲ್ಲಿ ಗಣಿಗಾರಿಕೆಯ ಸಲುವಾಗಿ ಸುಮಾರು ಮೂರು ಲಕ್ಷ ಎಕರೆಯಷ್ಟು ನೆಲವನ್ನು ಸ್ಮಾರಕದಿಂದ ಕಿತ್ತುಹಾಕಿದರು. ‘ಅಲ್ಲೇನಿದೆ, ಬರೀ ಕಲ್ಲು’ ಎಂಬ ಮಾತು ಇಂಗ್ಲಿಷಿನಲ್ಲಿಯೂ ಇದೆಯೆಂಬುದು ಇದರಿಂದ ತಿಳಿಯುತ್ತದೆ!

ಇರಲಿ. ಅಣ್ಣನ ಮಗ ರಜೆಗೆ ಊರಿಗೆ ಬಂದಾಗ ಅವನ ಹನ್ನೊಂದು ವರ್ಷದ ಮಗಳಿಗೆ ನಮ್ಮ ಕಲ್ಲುನಾಡನ್ನೂ ತೋರಿಸಬೇಕೆಂದು ನಾನೇ ಹಟ ಹಿಡಿದೆ. ಯಲಹಂಕದಿಂದ ಬೆಳಗಿನ ಜಾವ ಹೊರಟು ನೆಲಮಂಗಲ, ತುಮಕೂರು, ಹಿರಿಯೂರು, ಚಿತ್ರದುರ್ಗ, ಕೂಡ್ಲಿಗಿ ಹಾಯ್ದು ಹೊಸಪೇಟೆ ಸೇರಿದೆವು. ಚಿತ್ರದುರ್ಗದಿಂದ ಮುಂದಕ್ಕೆ ಕಿಟಕಿಯಾಚೆಯ ನೆಲ ಬದಲಾಗುತ್ತ ಹೋಗುವುದನ್ನು ನೀವೂ ಗಮನಿಸಿರಬಹುದು. ಮರಗಳು ಕುಳ್ಳಾಗುತ್ತವೆ, ಆಕಾಶ ಅಗಲವಾಗುತ್ತದೆ, ಕಲ್ಲು ಎದ್ದು ನಿಲ್ಲುತ್ತದೆ. ನನ್ನ ಮೊಮ್ಮಗಳು, “ತಾತ, ಈ ಕಲ್ಲುಗಳನ್ನು ಯಾರು ಜೋಡಿಸಿದ್ದು?” ಎಂದು ಕೇಳಿದಳು. ಮೇಷ್ಟರ ಮುಂದೆ ಪ್ರಶ್ನೆ ಕೇಳಿದರೆ ಪಾಠ ತಪ್ಪುವುದುಂಟೆ?

ಅವಳಿಗೆ ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ. ರಾಮನಗರದ ಬೆಟ್ಟಗಳ ಕಲ್ಲಿಗೆ ಭೂವಿಜ್ಞಾನಿಗಳು ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂದು ಹೆಸರಿಟ್ಟಿದ್ದಾರೆ. ಮೈಸೂರಿನಲ್ಲಿ ರೆಸಿಡೆಂಟರಾಗಿದ್ದ ಬ್ಯಾರಿ ಕ್ಲೋಸ್ ಅವರ ಹೆಸರಿನಿಂದ ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತಷ್ಟೆ. ಈ ಕಲ್ಲಿನ ಪಟ್ಟಿ ದಕ್ಷಿಣದಿಂದ ಉತ್ತರಕ್ಕೆ ಸುಮಾರು 400 ಕಿಲೋಮೀಟರ್ ಉದ್ದಕ್ಕೆ ಚಾಚಿ ಹಂಪಿಯ ಕಡೆಗೂ ಹಬ್ಬಿದೆ. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ಅಂದರೆ ‘ಶೋಲೆ’ ಚಿತ್ರದ ಗಬ್ಬರನು ಕುಳಿತ ಬಂಡೆಗೂ ವಿರೂಪಾಕ್ಷನ ಗುಡಿಯ ಹಿಂದಿನ ಬಂಡೆಗೂ ದಾಯಾದಿ ಸಂಬಂಧ! ನೆಲದೊಳಗೆ ಆಳದಲ್ಲಿ ಕರಗಿದ್ದ ಶಿಲಾಪಾಕ ನಿಧಾನವಾಗಿ ತಣಿದು ಗಟ್ಟಿಯಾಯಿತು. ಮೇಲಿನ ಭಾರ ಇಳಿದಂತೆಲ್ಲ ಅದರಲ್ಲಿ ಅಡ್ಡುದ್ದ ಬಿರುಕುಗಳು ಮೂಡಿದವು. ಆ ಬಿರುಕುಗಳೊಳಗೆ ನೀರು ಇಳಿದು ಕಲ್ಲಿನ ಅಂಚು ಮೂಲೆಗಳನ್ನು ಕೊಳೆಯಿಸಿ ಮಣ್ಣು ಮಾಡಿತು. ಚೌಕವಾಗಿದ್ದ ತುಂಡುಗಳು ಮಣ್ಣಿನೊಳಗೇ ಗುಂಡಗಾದವು. ಆಮೇಲೆ ಮಳೆ ಆ ಮಣ್ಣನ್ನು ತೊಳೆದುಕೊಂಡು ಹೋದಾಗ ಗುಂಡುಗಳು ಇದ್ದಲ್ಲೇ ಒಂದರ ಮೇಲೊಂದು ಉಳಿದುಕೊಂಡವು. ಯಾರೂ ಜೋಡಿಸಲಿಲ್ಲ, ಸುತ್ತಲಿನದು ಹೋಯಿತು, ಅಷ್ಟೆ. ಜೋಶುವಾ ಟ್ರೀಯ ಬಂಡೆಗಳು ರೂಪುಗೊಂಡದ್ದೂ ಹೀಗೆಯೇ. ಆದರೆ ವಯಸ್ಸಿನಲ್ಲಿ ಅವು ನಮ್ಮ ಬಂಡೆಗಳ ಹತ್ತರಲ್ಲೊಂದು ಪಾಲೂ ಇಲ್ಲ. ಈ ಮಾತು ಕೇಳಿ ಮೊಮ್ಮಗಳು, “ಹಾಗಾದರೆ ನಮ್ಮದು ಮರಿಕಲ್ಲು” ಎಂದಳು. ‘ನಮ್ಮದು’ ಎಂದರೆ ಕ್ಯಾಲಿಫೋರ್ನಿಯಾದ್ದು. ನಾನು ತಿದ್ದಲು ಹೋಗಲಿಲ್ಲ.

ಕರಡಿಧಾಮದೊಳಗೆ ಪ್ರವಾಸಿಗರಿಗೆ ಪ್ರವೇಶ ಮಧ್ಯಾಹ್ನದ ಮೇಲೆ. ‘ಕರಡಿಕಲ್ಲು ಗುಡ್ಡ’ದ ಎದುರಿಗೆ ಒಂದು ವೀಕ್ಷಣಾ ಗೋಪುರವಿದೆ. ಅದರ ಮೇಲೆ ಕುಳಿತು ಎದುರಿನ ಬಂಡೆಗಳನ್ನು ದುರ್ಬೀನಿನಲ್ಲಿ ನೋಡುತ್ತ ಕಾಯಬೇಕು. ಬಂಡೆಗಳಿಗೆ ಬೆಲ್ಲದ ಪಾಕ ಬಳಿದು ಕರಡಿಗಳನ್ನು ಹೊರಕ್ಕೆ ಸೆಳೆಯುವ ಪದ್ಧತಿ ಇಲ್ಲಿ ಬಹುಕಾಲದಿಂದ ನಡೆದು ಬಂದಿದೆ. ನಾವು ಹೋದ ದಿನ ಗೋಪುರದ ಮೇಲೆ ಮೂವತ್ತು ಜನರಾದರೂ ಇದ್ದರು. ಅರ್ಧ ಗಂಟೆಯಾಗುವಷ್ಟರಲ್ಲಿ ಗೊಣಗಾಟ ಶುರುವಾಯಿತು. ಯಾರೋ ಶಿಳ್ಳೆ ಹಾಕಿದರು. ಮತ್ತಾರೋ, ಕೊಟ್ಟ ದುಡ್ಡಿಗೆ ಕರಡಿ ಎಲ್ಲಿ ಎಂದು ಅಲ್ಲಿಯ ಕಾವಲುಗಾರನನ್ನೇ ಗದರಿಸಿದರು. ಆತ ಸಮಾಧಾನದಿಂದಲೇ, “ಸುಮ್ಕ ಕುಂದರ್ರಿ ಸರ್ರ, ಅದರ ಮನಿಗೆ ನಾವು ಬಂದೇವಿ. ಅದು ನಮ್ಮ ಮನಿಗೆ ಬಂದಿಲ್ಲ” ಎಂದ. ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಮಾಡಿದ ನನಗೆ ಅಷ್ಟು ಚಿಕ್ಕದಾಗಿ ಅಷ್ಟು ದೊಡ್ಡ ಪಾಠ ಹೇಳಲು ಎಂದೂ ಆಗಿರಲಿಲ್ಲ.

ಕರಡಿ ಬಂತೇ ಎಂದು ನೀವು ಕೇಳುವಿರಿ. ಬಂತು. ನಾಲ್ಕೂವರೆಯ ಹೊತ್ತಿಗೆ ಎರಡು ಬಂಡೆಗಳ ಸಂದಿಯಿಂದ ಒಂದು ತಾಯಿ ಕರಡಿ ಹೊರಬಂತು. ಅದರ ಬೆನ್ನ ಮೇಲಿನ ಕಪ್ಪು ಕೂದಲಿನ ರಾಶಿಯಲ್ಲಿ ಎರಡು ಮರಿಗಳು ಅವುಚಿಕೊಂಡು ಕುಳಿತಿದ್ದವು. ಗೋಪುರದಲ್ಲಿ ಒಮ್ಮೆಗೇ ನಿಶ್ಶಬ್ದ. ಆದರೆ ಇಲ್ಲಿ ನಾನು ಬರೆಯಬೇಕೆಂದಿರುವುದು ಅದಕ್ಕಿಂತ ಮುಂಚಿನ ಎರಡು ಗಂಟೆಯ ಕಥೆ. ಏಕೆಂದರೆ ‘ಏನೂ ಇಲ್ಲ’ ಎಂದು ಉಳಿದವರು ಗೊಣಗುತ್ತಿದ್ದ ಆ ಎರಡು ಗಂಟೆಯಲ್ಲಿ ಮೊಮ್ಮಗಳು ತನ್ನ ಪುಸ್ತಕದಲ್ಲಿ ಬರೆದುಕೊಂಡ ಪಟ್ಟಿ ಹೀಗಿತ್ತು: ನವಿಲುಗಳ ಒಂದು ಹಿಂಡು. ಒಂದು ಮುಂಗುಸಿ. ಬಿಸಿಲು ಕಾಯಿಸುತ್ತ ಕುಳಿತ ಒಂದು ಉಡ. ಬಂಡೆಯ ಮೇಲೆ ತಲೆ ಕುಣಿಸುವ ಓತಿಕ್ಯಾತಗಳು. ಕಲ್ಲಿನ ಸಂದಿಯಲ್ಲಿ ಬೇರು ಇಳಿಸಿದ ಆಲದ ಜಾತಿಯ ಒಂದು ಗಿಡ. ‘ಹಳದಿ ಕೊರಳಿನ ಪಿಕಳಾರ’ ಎಂದು ಕಾವಲುಗಾರ ತೋರಿಸಿದ ಒಂದು ಹಕ್ಕಿ. ಈ ಕೊನೆಯದರ ಬಗ್ಗೆ ಒಂದು ಮಾತು. ದಕ್ಷಿಣ ಭಾರತದ ಕಲ್ಲುಗುಡ್ಡಗಳನ್ನು ಬಿಟ್ಟರೆ ಈ ಹಕ್ಕಿ ಜಗತ್ತಿನಲ್ಲಿ ಬೇರೆಲ್ಲಿಯೂ ಇಲ್ಲ. ನಮ್ಮ ನಂದಿಬೆಟ್ಟದಲ್ಲಿಯೂ ಇದೆ. ಗುಡ್ಡ ಹೋದರೆ ಹೋಗಿ ನೆಲೆಸಲು ಅದಕ್ಕೆ ಇನ್ನೊಂದು ಊರಿಲ್ಲ.

ನಮ್ಮ ಕಣ್ಣಿಗೆ ಬೀಳದವು ಇನ್ನೂ ಎಷ್ಟೋ ಇವೆ. ಚಿರತೆ, ನರಿ, ಮುಳ್ಳುಹಂದಿ, ಚಿಪ್ಪುಹಂದಿ, ನಕ್ಷತ್ರ ಆಮೆ ಇವೆಲ್ಲ ಅಲ್ಲಿ ಬಾಳುತ್ತಿವೆ. ಇವಕ್ಕೆಲ್ಲ ಆ ಕಲ್ಲೇ ಮನೆ. ಬಳ್ಳಾರಿಯ ಬೇಸಗೆಯಲ್ಲಿ ಹೊರಗೆ ನೆಲ ಕಾದು ಕಾವಲಿಯಾಗಿರುವಾಗ ದೊಡ್ಡ ಬಂಡೆಗಳ ಒಳಸಂದಿ ತಂಪಾಗಿರುತ್ತದೆ. ಕರಡಿ ಹಗಲೆಲ್ಲ ಅಲ್ಲಿ ಮಲಗುತ್ತದೆ, ಅಲ್ಲಿಯೇ ಮರಿ ಹಾಕುತ್ತದೆ. ಸಂಜೆಯಾದ ಮೇಲೆ ಗೆದ್ದಲಿನ ಹುತ್ತಗಳನ್ನು ಹುಡುಕಿಕೊಂಡು ಹೊರಡುತ್ತದೆ. ಅದರ ಮೇಲ್ದವಡೆಯಲ್ಲಿ ನಡುವಿನ ಎರಡು ಹಲ್ಲುಗಳೇ ಇಲ್ಲವೆಂಬುದು ನಿಮಗೆ ಗೊತ್ತೇ? ಮೂಗಿನ ಹೊಳ್ಳೆಗಳನ್ನು ಮುಚ್ಚಿಕೊಂಡು, ಉದ್ದ ತುಟಿಗಳನ್ನು ಕೊಳವೆಯಂತೆ ಮಾಡಿ, ಮೊದಲು ಧೂಳನ್ನು ಊದಿ, ಆಮೇಲೆ ಆ ಸಂದಿಯ ಮೂಲಕ ಗೆದ್ದಲನ್ನು ಹೀರುತ್ತದೆ. ಆ ಹೀರುವ ಸದ್ದು ಬಹುದೂರಕ್ಕೆ ಕೇಳಿಸುತ್ತದಂತೆ. ಕವಳಿ, ಬಾರೆ, ಕಾರೆ, ಸೀತಾಫಲ ಹೀಗೆ ಕಾಲಕಾಲದ ಹಣ್ಣು ತಿಂದು, ಬೀಜಗಳನ್ನು ಗುಡ್ಡದ ತುಂಬ ಬಿತ್ತುತ್ತ ಹೋಗುತ್ತದೆ. ಕೂಲಿಯಿಲ್ಲದ ತೋಟಗಾರ!

ಈಗ ಬೆಲ್ಲದ ಪಾಕದ ವಿಚಾರಕ್ಕೆ ಬರುತ್ತೇನೆ. ಇದರಲ್ಲಿ ನನ್ನ ಅಭಿಪ್ರಾಯ ಕೆಲವರಿಗೆ ಹಿಡಿಸದಿರಬಹುದು. ಕಾಡಿನಲ್ಲಿ ತನ್ನ ಅನ್ನವನ್ನು ತಾನೇ ಸಂಪಾದಿಸಿಕೊಳ್ಳುವ ಪ್ರಾಣಿಯನ್ನು ಸಿಹಿಯ ಆಸೆ ತೋರಿಸಿ ನಮ್ಮ ವೇಳೆಗೆ ಸರಿಯಾಗಿ ಹೊರಬರುವಂತೆ ಮಾಡುವುದನ್ನು ಕ್ರಮೇಣ ಕೈಬಿಡಬೇಕು. ಇದಕ್ಕೆ ಪ್ರತಿಯಾಗಿ ಹೇಳುವ ಮಾತೂ ತೂಕವಿಲ್ಲದ್ದಲ್ಲ. ಕರಡಿ ಕಂಡರೆ ಜನ ಬರುತ್ತಾರೆ, ಜನ ಬಂದರೆ ಸುತ್ತಲಿನ ಊರಿನವರಿಗೆ ನಾಲ್ಕು ಕಾಸು ಸಿಗುತ್ತದೆ, ಕಾಡಿನ ಮೇಲೆ ನಾಡಿನ ಕಣ್ಣು ಇರುತ್ತದೆ ಎನ್ನುತ್ತಾರೆ. ಒಪ್ಪತಕ್ಕ ಮಾತೇ. ಆದರೆ ಹಾಗೆ ಬಂದವನು ಕರಡಿಯೊಂದನ್ನು ಮಾತ್ರ ಕಂಡು, ಅದು ಮರೆಯಾದೊಡನೆ ಕಾರು ಹತ್ತುತ್ತಾನೆ. ಅವನ ಪಾಲಿಗೆ ಗುಡ್ಡವೆಂಬುದು ಕರಡಿಯ ಆಟಕ್ಕೆ ಕಟ್ಟಿದ ರಂಗಮಂದಿರ. ಕಾಯುವುದನ್ನು ಕಲಿಸದ ಪ್ರವಾಸ ಕಲ್ಲನ್ನು ನೋಡುವುದನ್ನೂ ಕಲಿಸದು. ಕರಡಿ ಕಾಣದ ದಿನವೂ ದರೋಜಿಗೆ ಹೋದದ್ದು ಸಾರ್ಥಕವೆಂದು ಅನಿಸುವಂತೆ ಆ ಗೋಪುರದ ಮೇಲೆ ಕಲ್ಲಿನ ಕಥೆ, ಗಿಡದ ಕಥೆ, ಹಕ್ಕಿಯ ಕಥೆ ಹೇಳುವ ಊರಿನ ಹುಡುಗರು ನಾಲ್ಕು ಜನ ಇರಲಿ. ಆ ನಾಲ್ಕು ಕಾಸು ಅವರಿಗೇ ಸೇರಲಿ. ಕಥೆ ಹೇಳುವುದು ದರೋಜಿಗೆ ಹೊಸದೇನೂ ಅಲ್ಲ. ದೀರ್ಘ ಕಾವ್ಯಗಳನ್ನು ಬಾಯಿಂದಲೇ ಹಾಡಿ, 2014ರಲ್ಲಿ ತೀರಿಕೊಂಡ ಬುರ್ರಕಥೆಯ ದರೋಜಿ ಈರಮ್ಮನವರು ಆ ಊರಿನವರೇ ತಾನೆ.

ಮನುಷ್ಯನ ಚಪಲಕ್ಕಾಗಿ ಕರಡಿಯನ್ನು ಕುಣಿಸಿದ ಕಾಲವೊಂದಿತ್ತು. ನಮ್ಮ ಬಾಲ್ಯದಲ್ಲಿ ಮೂಗುದಾರ ಹಾಕಿದ ಕರಡಿಯನ್ನು ಬೀದಿಬೀದಿಗೆ ಕರೆತರುತ್ತಿದ್ದರು. ಹೆದರಿಕೆ ಹೋಗಲೆಂದು ಮಕ್ಕಳನ್ನು ಅದರ ಬೆನ್ನ ಮೇಲೆ ಕೂರಿಸುತ್ತಿದ್ದರು. ಕರಡಿಯ ಕೂದಲನ್ನು ತಾಯಿತಕ್ಕೆ ಕೊಳ್ಳುತ್ತಿದ್ದರು. ಕಾನೂನು 1972ರಿಂದಲೇ ಇದ್ದರೂ ಆಟ ನಿಲ್ಲಲು ಬಹುಕಾಲ ಹಿಡಿಯಿತು. ಕುಣಿಸುವವರಿಗೆ ಬೇರೆ ಜೀವನೋಪಾಯ ಒದಗಿಸುತ್ತ ಒಂದೊಂದಾಗಿ ಕರಡಿಗಳನ್ನು ಬಿಡಿಸಿದರು. ದೇಶದಲ್ಲಿ ಕುಣಿಯುತ್ತಿದ್ದ ಕರಡಿಗಳಲ್ಲಿ ಕೊನೆಯದೆಂದು ಹೇಳುವ ರಾಜು, 2009ರ ಡಿಸೆಂಬರಿನಲ್ಲಿ ನಮ್ಮ ಬನ್ನೇರುಘಟ್ಟದ ಪುನರ್ವಸತಿ ಕೇಂದ್ರವನ್ನು ಸೇರಿತು. ಕುಣಿಸುವವರ ಹೊಟ್ಟೆಪಾಡನ್ನು ಲೆಕ್ಕಕ್ಕೆ ತೆಗೆದುಕೊಂಡದ್ದರಿಂದಲೇ ಆ ಕೆಲಸ ಕೈಗೂಡಿತೆಂಬುದನ್ನು ಮರೆಯಬಾರದು.

ಇನ್ನು ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ಅದು ಒಂದು ಶಬ್ದದ ಮೇಲಿನ ತಕರಾರು. ನಮ್ಮಲ್ಲಿ ಹೊಲ ಇರುವವರೆಲ್ಲ ಪಹಣಿ ನೋಡಿರುತ್ತೀರಿ. ಒಟ್ಟು ವಿಸ್ತೀರ್ಣದ ಕೆಳಗೆ ‘ಖರಾಬು’ ಎಂದು ಇಷ್ಟು ಗುಂಟೆಯನ್ನು ಕಳೆದಿರುತ್ತಾರೆ. 1966ರ ಕರ್ನಾಟಕ ಭೂಕಂದಾಯ ನಿಯಮಗಳ ಪ್ರಕಾರ ಇದರಲ್ಲಿ ಎರಡು ಬಗೆ. ಅಳತೆಯ ಕಾಲದಲ್ಲಿ ವ್ಯವಸಾಯಕ್ಕೆ ಯೋಗ್ಯವಲ್ಲವೆಂದು ವರ್ಗೀಕರಿಸಿದ್ದು ‘ಎ’ ಖರಾಬು. ದಾರಿ, ಹಳ್ಳ, ಕೆರೆ ಮುಂತಾಗಿ ಸಾರ್ವಜನಿಕರ ಉಪಯೋಗಕ್ಕೆ ಬಿಟ್ಟದ್ದು ‘ಬಿ’ ಖರಾಬು. ತಮಾಷೆಯೆಂದರೆ ರೈತನ ಕಣವೂ ‘ಎ’ ಖರಾಬಿನಲ್ಲಿಯೇ ಸೇರುತ್ತದೆ! ವರ್ಷದ ಅನ್ನವೆಲ್ಲ ಬಂದು ಬೀಳುವ ಜಾಗವನ್ನು, ಊರಿಗೆ ನೀರು ಕೊಡುವ ಕೆರೆಯನ್ನು ‘ಕೆಟ್ಟದ್ದು’ ಎಂಬ ಅರ್ಥದ ಶಬ್ದದಿಂದ ಕರೆದರು. ಕರೆದವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಕೆಲಸ ಕಂದಾಯ ಗೊತ್ತುಮಾಡುವುದಾಗಿತ್ತು. ಕಂದಾಯ ಹುಟ್ಟದ ನೆಲ ಅವರ ಲೆಕ್ಕಕ್ಕೆ ಖರಾಬು. ಆದರೆ ಲೆಕ್ಕದ ಪುಸ್ತಕದ ಶಬ್ದ ನಮ್ಮ ಬಾಯಿಗೆ ಬಂತು, ಬಾಯಿಂದ ತಲೆಗೆ ಹೋಯಿತು. ಕೇಂದ್ರ ಸರ್ಕಾರ 2000ದಿಂದ ಹೊರತರುತ್ತಿರುವ ಪಾಳುಭೂಮಿಯ ಭೂಪಟದಲ್ಲಿಯೂ ಬರಡು ಕಲ್ಲಿನ ಪ್ರದೇಶಕ್ಕೆ ಒಂದು ಪ್ರತ್ಯೇಕ ವರ್ಗವೇ ಇದೆ. ಪಾಳು ಎಂದ ಮೇಲೆ ಅದನ್ನು ‘ಉಪಯೋಗಕ್ಕೆ ತರುವುದು’ ಪುಣ್ಯಕಾರ್ಯವೇ ಆಗಿಬಿಡುತ್ತದೆ. ಕಲ್ಲು ಒಡೆಯುವ ಯಂತ್ರ ಬರುವುದು ಕೊನೆಗೆ. ಅದಕ್ಕೆ ದಾರಿ ಮಾಡಿಕೊಡುವ ಶಬ್ದ ಬಹಳ ಮೊದಲೇ ಬಂದು ಕುಳಿತಿರುತ್ತದೆ.

ಇದಕ್ಕೆ ಬಳ್ಳಾರಿಯವರೆಗೆ ಹೋಗಬೇಕಾಗಿಲ್ಲ. ನಮ್ಮ ಯಲಹಂಕದ ಆಚೆಗಿನ ಬೆಟ್ಟಹಲಸೂರಿನ ಹೆಸರಿನಲ್ಲಿಯೇ ಬೆಟ್ಟವಿದೆ. ಅಲ್ಲಿಯ ಕಲ್ಲುಗಣಿಗಳನ್ನು ನೋಡಿದವರಿಗೆ, ಎತ್ತರವಾಗಿದ್ದದ್ದು ಹೇಗೆ ಆಳವಾಗುತ್ತದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೆಸರಘಟ್ಟದ ಹುಲ್ಲುಗಾವಲಿನ ಕಥೆಯೂ ಇಂಥದ್ದೇ. ಮರವಿಲ್ಲ, ಬೆಳೆಯಿಲ್ಲ, ಆದ್ದರಿಂದ ಖಾಲಿ ಎಂದು ಬಗೆದು ಚಿತ್ರನಗರಿ ಕಟ್ಟುವ ಮಾತು ಅಲ್ಲಿ ಎಷ್ಟೋ ಸಲ ಬಂತು. ಅದನ್ನು ಸಂರಕ್ಷಿಸಬೇಕೆಂಬ ಪ್ರಸ್ತಾವ 2021ರಲ್ಲಿ ಒಮ್ಮೆ ತಿರಸ್ಕೃತವಾಗಿ, ಪಕ್ಷಿಪ್ರಿಯರು ಬಿಡದೆ ಹೋರಾಡಿದ ಮೇಲೆ, 2024ರಲ್ಲಿ 5,000 ಎಕರೆಗೂ ಹೆಚ್ಚು ಪ್ರದೇಶವನ್ನು ಸಂರಕ್ಷಣಾ ಮೀಸಲು ಮಾಡಲು ರಾಜ್ಯ ವನ್ಯಜೀವಿ ಮಂಡಳಿ ಒಪ್ಪಿತು. ನನ್ನ ವಿದ್ಯಾರ್ಥಿಗಳಲ್ಲಿ ಬಹಳ ಜನ ಯಲಹಂಕ, ಹೆಬ್ಬಾಳ, ಯಶವಂತಪುರದ ಸುತ್ತಮುತ್ತಲೇ ಮನೆ ಮಾಡಿಕೊಂಡಿದ್ದೀರಿ. ಒಂದು ಭಾನುವಾರ ಬೆಳಗ್ಗೆ ಮಕ್ಕಳನ್ನು ಕರೆದುಕೊಂಡು ಹೆಸರಘಟ್ಟದ ಕಡೆಗೆ ಹೋಗಿ, ಆ ‘ಖಾಲಿ’ ಜಾಗದಲ್ಲಿ ಎಷ್ಟು ಹಕ್ಕಿ ಇವೆಯೆಂದು ಎಣಿಸಿ ನೋಡಿ.

ನನ್ನ ಮಾತಿಗೆ ಎರಡು ಆಕ್ಷೇಪಣೆಗಳು ಬರುತ್ತವೆಂದು ಬಲ್ಲೆ. ಮೊದಲನೆಯದು, “ಕಲ್ಲಿಲ್ಲದೆ ಮನೆ ಕಟ್ಟುವುದು ಹೇಗೆ ಮೇಷ್ಟ್ರೇ?” ಎಂಬುದು. ನ್ಯಾಯವಾದ ಪ್ರಶ್ನೆ. ನಮ್ಮ ವಿಧಾನಸೌಧಕ್ಕೆ ಮಲ್ಲಸಂದ್ರ, ಹೆಸರಘಟ್ಟಗಳ ಕಡೆಯ ಕಲ್ಲೇ ಬಂದದ್ದು. ಅದನ್ನು ನೋಡಿ ನಾನೂ ಹೆಮ್ಮೆಪಟ್ಟಿದ್ದೇನೆ. ಕಲ್ಲು ತೆಗೆಯಲೇಬಾರದೆಂಬುದು ನನ್ನ ವಾದವಲ್ಲ. ತೆಗೆಯುವ ಮೊದಲು ಆ ಗುಡ್ಡದಲ್ಲಿ ಏನೇನು ಇದೆಯೆಂದು ಒಂದು ವರ್ಷದ ಎಲ್ಲ ಕಾಲಗಳಲ್ಲಿಯೂ ಹೋಗಿ ನೋಡಿ ಬರೆದಿಡಬೇಕು, ಅದನ್ನು ಊರಿನವರ ಮುಂದೆ ಓದಬೇಕು ಎಂಬುದಷ್ಟೆ. ಪಹಣಿಯ ಒಂದು ಶಬ್ದ ಆ ತಪಾಸಣೆಯ ಜಾಗವನ್ನು ಕಬಳಿಸಬಾರದು. ತಪಾಸಣೆಯಿಲ್ಲದೆ ಅಗೆದರೆ ಏನಾಗುತ್ತದೆಂಬುದಕ್ಕೆ ದರೋಜಿಯ ನೆರೆಯ ಸಂಡೂರಿನ ಬೆಟ್ಟಗಳೇ ಸಾಕ್ಷಿ. 2011ರಲ್ಲಿ ಸುಪ್ರೀಂ ಕೋರ್ಟೇ ನಡುವೆ ಬಂದು ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ನಿಲ್ಲಿಸಬೇಕಾಯಿತು.

ಎರಡನೆಯ ಆಕ್ಷೇಪಣೆ ರೈತರದು. ಬೆಂಗಳೂರಿನಲ್ಲಿ ಕುಳಿತು ಕರಡಿಯನ್ನು ಹೊಗಳುವುದು ಸುಲಭ, ಹೊಲದಲ್ಲಿ ಎದುರಾದಾಗ ಗೊತ್ತಾಗುತ್ತದೆ! ಇದೂ ನಿಜ. ಗುಡ್ಡದಂಚಿನ ಹೊಲಗಳಿಗೆ ಕರಡಿ ಇಳಿಯುತ್ತದೆ. ಕಸುಗತ್ತಲಿನಲ್ಲಿ ಥಟ್ಟನೆ ಎದುರಾದರೆ ಹೆದರಿ ಮೇಲೆ ಬೀಳುತ್ತದೆ. ಮುಖಕ್ಕೆ ಪೆಟ್ಟು ತಿಂದು ಬದುಕಿದವರ ಪಾಡನ್ನು ಕೇಳಲಾಗದು. ಅಂಥವರಿಗೆ ಪರಿಹಾರ ತಡವಿಲ್ಲದೆ ಸಿಗಬೇಕು, ಬೆಳೆನಷ್ಟವನ್ನು ನಾಡೇ ಹೊರಬೇಕು. ಕರಡಿಯ ಖರ್ಚನ್ನು ಬಡವನ ತಲೆಗೆ ಕಟ್ಟಿ ನಾವು ಗೋಪುರದ ಮೇಲಿಂದ ಚಂದ ನೋಡುವುದು ಧರ್ಮವಲ್ಲ. ಆದರೆ ಗುಡ್ಡವನ್ನು ಒಡೆದರೆ ಈ ತೊಂದರೆ ಕಡಿಮೆಯಾಗದು. ಮನೆ ಕಳೆದುಕೊಂಡ ಕರಡಿ ಹೊಲಕ್ಕಲ್ಲದೆ ಬೇರೆಲ್ಲಿಗೆ ಹೋದೀತು? ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯಲ್ಲಿ 2013ರಲ್ಲಿ ಇನ್ನೊಂದು ಕರಡಿಧಾಮವನ್ನು ಘೋಷಿಸಿ, 2019ರಲ್ಲಿ ಅದನ್ನು ಹಿಗ್ಗಿಸಿದ್ದು ಈ ದೃಷ್ಟಿಯಿಂದಲೂ ಸರಿಯಾದ ಕೆಲಸ.

ಈಗ ನಮ್ಮ ಮನೆತನದವರಿಗೆ ಹೇಳಬೇಕಾದ ಮಾತು. ಗೌರಿಬಿದನೂರು ಕಡೆಯ ನಮ್ಮ ಹಳ್ಳಿಯ ಹೊಲದ ಮೂಡಲಿಗಿರುವ ಗುಡ್ಡ ನಿಮಗೆಲ್ಲ ಗೊತ್ತು. ಪಹಣಿಯಲ್ಲಿ ಅದು 1 ಎಕರೆ 10 ಗುಂಟೆ ಖರಾಬು. ಅದನ್ನು ಜಲ್ಲಿ ಮಾಡುವವರೊಬ್ಬರು ಕೇಳಿದ್ದಾರೆ, ಐದು ಜನ ಪಾಲುದಾರರ ಒಪ್ಪಿಗೆ ಬೇಕೆಂದಿದ್ದಾರೆ. ಮೂವರು ಒಪ್ಪಿದ್ದೀರೆಂದೂ ಕೇಳಿದೆ. ಒಪ್ಪಿದವರನ್ನು ನಾನು ಆಸೆಬುರುಕರೆನ್ನಲಾರೆ. ಒಬ್ಬರಿಗೆ ಮಗನ ಓದಿನ ಸಾಲವಿದೆ, ಇನ್ನೊಬ್ಬರಿಗೆ ಕಾಯಿಲೆಯ ಖರ್ಚಿದೆ. ‘ಬಿದ್ದಿರುವ ಕಲ್ಲಿಗೆ ದುಡ್ಡು ಬಂದರೆ ಬೇಡವೆನ್ನುವುದೇಕೆ’ ಎಂಬ ಮಾತು ಕೇಳಲು ಸರಿಯಾಗಿಯೇ ಇದೆ.

ಆದರೆ ಆ ಕಲ್ಲು ಸುಮ್ಮನೆ ಬಿದ್ದಿತ್ತೇ? ನಮ್ಮಜ್ಜ ರಾಗಿ ತೆನೆ ಹರಡಿ ಬಡಿದದ್ದು ಆ ಹಾಸುಬಂಡೆಯ ಮೇಲೆ. ಅಜ್ಜಿ, ದೊಡ್ಡಮ್ಮಂದಿರು ಹಪ್ಪಳ, ಸಂಡಿಗೆ, ಹುಣಸೆಹಣ್ಣು ಒಣಗಿಸಿದ್ದು ಅದರ ಮೇಲೆ. ಮಳೆಗಾಲದಲ್ಲಿ ತುಂಬಿದ ದೊಣೆಯ ನೀರು ಸಂಕ್ರಾಂತಿಯವರೆಗೂ ಕುರಿ ಮೇಕೆಗಳಿಗಾಗುತ್ತಿತ್ತು. ಬಂಡೆಯ ಮೇಲಿಂದ ಹರಿದಿಳಿಯುವ ನೀರೇ ಕೆಳಗಿನ ಹೊಲವನ್ನು ತೇವವಾಗಿಡುತ್ತಿದ್ದುದು. ಗುಡ್ಡದ ಬುಡದ ಹುಣಸೆಮರ ಈಗಲೂ ಕಾಯಿ ಬಿಡುತ್ತದೆ. ರಾತ್ರಿ ಮುಳ್ಳುಹಂದಿ ಓಡಾಡಿದ ಗುರುತನ್ನು ಹೊಲ ಮಾಡುತ್ತಿರುವ ತಮ್ಮನೇ ನನಗೆ ತೋರಿಸಿದ್ದಾನೆ. ಇಷ್ಟೆಲ್ಲ ಕೊಟ್ಟ ನೆಲವನ್ನು ಖರಾಬೆಂದು ಕರೆಯಲು ನನ್ನ ನಾಲಗೆ ಏಳದು. ಅದನ್ನು ಒಡೆದರೆ ಕೈಗೆ ಬರುವ ಹಣ ಕೆಲವೇ ವರ್ಷದ್ದು. ಉಳಿಯುವ ಗುಂಡಿ ಮಾತ್ರ ನಮ್ಮ ಮೊಮ್ಮಕ್ಕಳ ಮೊಮ್ಮಕ್ಕಳದು.

ನಾನು ಸಹಿ ಹಾಕುವುದಿಲ್ಲ. ಬರೀ ಇಲ್ಲವೆಂದು ಹೇಳಿ ಕೈತೊಳೆದುಕೊಳ್ಳುವುದೂ ಇಲ್ಲ. ಕೆಳಗಿನ ಹೊಲದಲ್ಲಿ ನನ್ನ ಪಾಲಿಗೆ ಬರುವ ವರಮಾನವನ್ನು, ಕಷ್ಟದಲ್ಲಿರುವ ಆ ಇಬ್ಬರ ಸಾಲ ತೀರುವವರೆಗೆ ಅವರಿಗೇ ಬಿಟ್ಟುಕೊಡುತ್ತೇನೆ. ನನಗೆ ಪಿಂಚಣಿ ಬರುತ್ತದೆ, ನಡೆಯುತ್ತದೆ. ಉಳಿದ ಇಬ್ಬರೂ ಯೋಚಿಸಲಿ. ಯುಗಾದಿಗೆ ಎಲ್ಲರೂ ಊರಿಗೆ ಬರುತ್ತೀರಲ್ಲ, ತೀರ್ಮಾನ ಅಂದೇ ಆಗಲಿ. ಅದಕ್ಕೆ ಮುಂಚೆ ಒಂದು ಸಂಜೆ ಯಾರೂ ಮಾತಾಡದೆ ಆ ಬಂಡೆಯ ಮೇಲೆ ಎರಡು ಗಂಟೆ ಕುಳಿತಿರೋಣ. ಮಕ್ಕಳ ಕೈಗೆ ಒಂದೊಂದು ಪುಸ್ತಕ, ಪೆನ್ಸಿಲು ಕೊಡೋಣ. ಕಂಡದ್ದನ್ನೆಲ್ಲ ಅವರು ಬರೆದುಕೊಳ್ಳಲಿ. ಆ ಪಟ್ಟಿಯನ್ನು ನಡುವೆ ಇಟ್ಟುಕೊಂಡು ಆಮೇಲೆ ಮಾತಾಡೋಣ.